ಮನ್ರೋ ಪೋಸ್ಟರ್ ಬಿಡಿ, ‘ಫಾನ್‌ಫಾರೆನ್ ಡೆರ್ ಲೀಬೆ’ ಹುಡುಕಿ

ಹಾಲಿವುಡ್ಡಿನ ಹಾಸ್ಯಚಿತ್ರ ‘ಸಮ್ ಲೈಕ್ ಇಟ್ ಹಾಟ್’ ಅಂದರೆ 1959, ನಿರ್ದೇಶಕ ಬಿಲ್ಲಿ ವೈಲ್ಡರ್, ನಟಿ ಮರಿಲಿನ್ ಮನ್ರೋ. ಹಿಂದಿಯಲ್ಲಿ ಅದೇ 1975ರ ‘ರಫೂ ಚಕ್ಕರ್’ ಆಯಿತು: ರಿಷಿ ಕಪೂರ್, ಪೈಂಟಲ್ ಹೆಣ್ಣುವೇಷದಲ್ಲಿ. ಆದರೆ ಕಥೆಯ ಬೇರಿರುವುದು ಯುರೋಪಿನಲ್ಲಿ. 1935ರ ಫ್ರೆಂಚ್ ಚಿತ್ರ ‘ಫಾನ್‌ಫಾರ್ ದಾಮೂರ್’ ಮೊದಲನೆಯದು. 1951ರಲ್ಲಿ ಕುರ್ಟ್ ಹಾಫ್‌ಮನ್ ಅದನ್ನೇ ಜರ್ಮನ್‌ನಲ್ಲಿ ‘ಫಾನ್‌ಫಾರೆನ್ ಡೆರ್ ಲೀಬೆ’ ಎಂದು ಮಾಡಿದರು. ಹಳೆ ಸಿನಿಮಾ ಪೋಸ್ಟರ್, ಪುಸ್ತಿಕೆಗಳ ಸಂಗ್ರಹಕ್ಕೆ ದುಡ್ಡು ಹಾಕುವವರು ಈ ಜರ್ಮನ್ ಚಿತ್ರಕ್ಕೇ ಹಾಕಬೇಕು ಅನ್ನುವುದು ನನ್ನ ವಾದ.

ವೈಲ್ಡರ್ ಚಿತ್ರದಲ್ಲಿರುವಂತೆ ಅಟ್ಟಿಸಿಕೊಂಡು ಬರುವ ಗ್ಯಾಂಗ್‌ಸ್ಟರ್‌ಗಳು ಇದರಲ್ಲಿಲ್ಲ. ಕೆಲಸವಿಲ್ಲದ ಇಬ್ಬರು ಸಂಗೀತಗಾರರು ಹೊಟ್ಟೆಪಾಡಿಗೆ ಹೆಂಗಸರ ವಾದ್ಯವೃಂದ ಸೇರುತ್ತಾರೆ. ವೇಷ ಹಾಕಲು ಬಂದೂಕಿಗಿಂತ ಹಸಿವೇ ಗಟ್ಟಿ ಕಾರಣ; ಅದಕ್ಕೇ ನಗುವೂ ನಮಗೆ ಹತ್ತಿರವಾಗುತ್ತದೆ. ವೇಷ ಹಾಕಿದವರು ಡೀಟರ್ ಬೋರ್ಶೆ, ಗೇಯೋರ್ಗ್ ಟೊಮಾಲಾ. ವೈಲ್ಡರ್ ಚಿತ್ರ ಜರ್ಮನ್‌ಗೆ ಡಬ್ ಆದಾಗ ಅದರಲ್ಲಿ ಹೆಣ್ಣುವೇಷ ಹಾಕಿದ ಜ್ಯಾಕ್ ಲೆಮನ್‌ಗೆ ದನಿ ಕೊಟ್ಟವರೂ ಇದೇ ಟೊಮಾಲಾ! ಈ ಒಂದು ಸಂಗತಿ ಸಾಕು, ಚಿತ್ರದ ಮೇಲೆ ಮೋಹ ಹುಟ್ಟಲು.

ಏನು ಕೊಳ್ಳಬೇಕು? ಮೊದಲು, ಆಗ ಜರ್ಮನ್ ಥಿಯೇಟರುಗಳಲ್ಲಿ ಮಾರುತ್ತಿದ್ದ ಸಿನಿಮಾ ಪುಸ್ತಿಕೆ. ನಮ್ಮ ಹಾಡಿನ ಪುಸ್ತಕದ ಹಾಗೆ, ಹಾಡಿನ ಬದಲು ಕಥೆ, ತಾರಾಗಣ, ಚಿತ್ರಗಳು. ಜನ ಫೈಲಿಗೆ ಹಾಕಿಡುತ್ತಿದ್ದರಿಂದ ಅಂಚಿನಲ್ಲಿ ಪಂಚ್ ಮಾಡಿದ ತೂತು ಸಾಮಾನ್ಯ; ತೂತಿದ್ದರೆ ಬೆಲೆ ಇಳಿಸಿ ಕೇಳಿ. ಪಿನ್ ಇದ್ದರೆ ತುಕ್ಕಿನ ಕಲೆ ನೋಡಿ. ಹೆಸರನ್ನಂತೂ ಎರಡು ಸಲ ಓದಿ. ಇದೇ ಇಬ್ಬರು ನಟರ 1953ರ ಮುಂದುವರಿಕೆ ‘ಫಾನ್‌ಫಾರೆನ್ ಡೆರ್ ಏಹೆ’. ಲೀಬೆ ಅಂದರೆ ಪ್ರೀತಿ, ಏಹೆ ಅಂದರೆ ಮದುವೆ. ಆ ಒಂದು ಪದದಲ್ಲಿ ಎಡವಿದರೆ ಬೇರೆ ಚಿತ್ರ ಮನೆಗೆ ಬರುತ್ತದೆ.

ಪೋಸ್ಟರ್ ಆದರೆ ಜರ್ಮನ್ ಎ1 ಅಳತೆ, 59×84 ಸೆಂ.ಮೀ. ಮಡಿಕೆ ಗುರುತಿಗೆ ಹೆದರಬೇಡಿ, ಬೆರಳಾಡಿಸಿ ನೋಡಿ. ಕಣ್ಣಿಗೆ ಮಡಿಕೆ ಕಂಡು ಬೆರಳಿಗೆ ಸಿಗದಿದ್ದರೆ ಅದು ಹಳೆ ಪೋಸ್ಟರಿನ ಫೋಟೊ ತೆಗೆದು ಮಾಡಿದ ನಕಲು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದಾಗ ಚುಕ್ಕೆಗಳು ಎರಚಿದಂತೆ ಕಂಡರೆ ಇಂಕ್‌ಜೆಟ್ ಪ್ರಿಂಟರಿನ ನಕಲು. ಯುವಿ (ಅತಿನೇರಳೆ ಬೆಳಕಿನ) ಟಾರ್ಚಿಗೆ ಕಾಗದ ನೀಲಿಬಿಳುಪಾಗಿ ಹೊಳೆದರೂ ಅನುಮಾನಪಡಿ. ಆ ಹೊಳಪಿನ ರಾಸಾಯನಿಕ 1951ರ ಅಗ್ಗದ ಪೋಸ್ಟರ್ ಕಾಗದದಲ್ಲಿ ಇರುವ ಸಂಭವ ಕಡಿಮೆ.

ಹರಿದಲ್ಲಿ ಸೆಲ್ಲೊ ಟೇಪ್ ಅಂಟಿಸಲೇಬೇಡಿ, ಗೋಂದು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಕೂಡ ಬೇಡ. ಪಿವಿಸಿ ಕವರ್ ಶಾಯಿಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಕವರಿನಲ್ಲಿ, ಬಿಸಿಲು ಬೀಳದ ಕಡೆ, ಚಪ್ಪಟೆಯಾಗಿ ಇಡಿ.