ಕೀಬೋರ್ಡ್ ವಾದಕನ ಕಿವಿಗೆ ಬೇಕಾದ ಸದ್ದು

ಮಾನ್ಯರೇ, ಕಲಾವಿದ ಮಿತ್ರರೇ,

ಶಿರಸಿ ಸೀಮೆಯ ಜಾತ್ರೆಗಳ ರಸಮಂಜರಿಯಲ್ಲಿ ಕೀಬೋರ್ಡ್ ನುಡಿಸುವವರ ಬಾಯಲ್ಲಿ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: ‘ಮೈದಾನಕ್ಕೆಲ್ಲ ಕೇಳಿಸುತ್ತದೆ, ನನಗೇ ಕೇಳಿಸುವುದಿಲ್ಲ.’ ಮುಖ್ಯ ಸ್ಪೀಕರುಗಳು ಪ್ರೇಕ್ಷಕರತ್ತ ಮುಖ ಮಾಡಿರುತ್ತವೆ. ತಗ್ಗಿನ ಸ್ವರಗಳು ಸುತ್ತಲೂ ಹರಡುತ್ತವೆ, ಮೇಲಿನ ಸ್ವರಗಳು ಬಹುಪಾಲು ನೇರ ಮುಂದಕ್ಕೆ ಹೋಗುತ್ತವೆ. ಹೀಗಾಗಿ ಹಿಂದೆ ಕುಳಿತವನಿಗೆ ದಕ್ಕುವುದು ಗುಂಯ್‌ಗುಡುವ ಮಂದ್ರ ಮಾತ್ರ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆದ್ದರಿಂದ, 10 ಮೀಟರ್ ಆಚೆಯ ಸ್ಪೀಕರಿನ ಸದ್ದು ಸುಮಾರು 30 ಮಿಲಿಸೆಕೆಂಡ್ ತಡವಾಗಿ ಬಂದು, ವೇಗದ ಲಯದಲ್ಲಿ ಬೆರಳನ್ನು ಹಿಂದಕ್ಕೆಳೆಯುತ್ತದೆ.

ಇದಕ್ಕೆ ಹೆಚ್ಚು ವ್ಯಾಟಿನ ಪೆಟ್ಟಿಗೆ ಕೊಳ್ಳುವುದು ಪರಿಹಾರವೆಂದು ನಾನು ಒಪ್ಪುವುದಿಲ್ಲ. ಯಕ್ಷಗಾನದಲ್ಲಿ ಭಾಗವತರಿಗೆ ಮದ್ದಳೆ ಸ್ಪಷ್ಟವಾಗಿ ಕೇಳುವುದು ಮದ್ದಳೆಗಾರ ಪಕ್ಕದಲ್ಲೇ ಕುಳಿತಿರುವುದರಿಂದ. ಬಯಲಿನಲ್ಲಿ ದೂರವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ; ಅಷ್ಟನ್ನೇ ಆಂಪ್ಲಿಫೈಯರಿನಿಂದ ಪಡೆಯಬೇಕಾದರೆ ನಾಲ್ಕು ಪಟ್ಟು ವ್ಯಾಟ್ ಬೇಕು. ಕಾರವಾರದ ಕಡಲತೀರದಂಥ ತೆರೆದ ಜಾಗದಲ್ಲಿ ಸದ್ದನ್ನು ಮರಳಿಸುವ ಗೋಡೆಯೂ ಇಲ್ಲದಿರುವುದರಿಂದ ಈ ಲೆಕ್ಕ ಇನ್ನಷ್ಟು ನಿಜವಾಗುತ್ತದೆ.

ಹತ್ತಿರ ಇಡುವ ಪೆಟ್ಟಿಗೆ ಗಿಟಾರ್ ಆಂಪ್ ಆಗಬಾರದು. 88 ಮನೆಗಳ ಕೀಬೋರ್ಡಿನ ಮೂಲಸ್ವರಗಳು 27.5 ಹರ್ಟ್ಸ್‌ನಿಂದ 4186 ಹರ್ಟ್ಸ್‌ವರೆಗೆ ಇರುತ್ತವೆ, ಉಪಸ್ವರಗಳು ಅದಕ್ಕೂ ಮೇಲೆ. ಗಿಟಾರ್ ಆಂಪಿನ ಸ್ಪೀಕರು ಸುಮಾರು 5000 ಹರ್ಟ್ಸ್ ದಾಟುತ್ತಲೇ ಸೊರಗುತ್ತದೆ. ಆರ್ಗನ್ ಸ್ವರಕ್ಕೆ ಆ ಒರಟುತನ ಒಪ್ಪೀತು, ಆದರೆ ಕೊಳಲು ಮತ್ತು ಪಿಟೀಲಿನ ಸ್ವರಗಳು ಕಂಬಳಿ ಹೊದ್ದಂತೆ ಕೇಳುತ್ತವೆ. ಹಾಗಾಗಿ ತಗ್ಗಿನ ಸ್ವರಗಳಿಗೆ 10 ಅಥವಾ 12 ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಹಾರ್ನ್ ಇರುವ, ಆಂಪ್ಲಿಫೈಯರನ್ನು ಒಳಗೇ ಹೊಂದಿದ ಪವರ್ಡ್ ಸ್ಪೀಕರನ್ನು ಓರೆಯಾಗಿ ಎದುರಿಗಿಟ್ಟುಕೊಳ್ಳುವುದು ನನ್ನ ಆಯ್ಕೆ. 15 ಇಂಚಿನದು ಚೆನ್ನವೇ, ಆದರೆ ಅದನ್ನು ಹೊತ್ತು ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದವರನ್ನು ಒಮ್ಮೆ ಕೇಳಿ ನೋಡಿ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ‘ಪೀಕ್’ (ಕ್ಷಣಮಾತ್ರದ ಗರಿಷ್ಠ) ವ್ಯಾಟಿಗೆ ಮರುಳಾಗದೆ, ನಿರಂತರ ವ್ಯಾಟ್ ಎಷ್ಟು, ಗರಿಷ್ಠ ಡೆಸಿಬೆಲ್ ಎಷ್ಟು ಎಂದು ವಿಚಾರಿಸಬೇಕು.

ಮುಖ್ಯ ಸಿಸ್ಟಮ್ಮಿಗೆ ಹೋಗುವ ಸಂಕೇತಕ್ಕೆ ಡಿ.ಐ. ಬಾಕ್ಸ್ (ಉದ್ದ ಕೇಬಲಿನಲ್ಲೂ ಗದ್ದಲ ಹತ್ತದಂತೆ ಸಂಕೇತವನ್ನು ಮಾರ್ಪಡಿಸುವ ಪುಟ್ಟ ಪೆಟ್ಟಿಗೆ) ಇರಲೇಬೇಕು, ಸಾದಾ ಜ್ಯಾಕ್ ಕೇಬಲ್ ಐದಾರು ಮೀಟರಿಗಿಂತ ಉದ್ದವಾದರೆ ಗದ್ದಲವನ್ನು ಹೀರಿಕೊಳ್ಳತೊಡಗುತ್ತದೆ. ಹಮ್ (ಎಡೆಬಿಡದ ಗುಂಯ್ ಸದ್ದು) ಬಂದಾಗ ಡಿ.ಐ. ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿಯನ್ನು ಒತ್ತಬೇಕೇ ಹೊರತು ಪ್ಲಗ್ಗಿನ ಅರ್ಥ್ ಪಿನ್ನನ್ನು ಕೀಳಬಾರದು. ಹಾಗೆ ಕಿತ್ತ ಪ್ಲಗ್ಗನ್ನು ನಾನು ಒದ್ದೆ ವೇದಿಕೆಯೊಂದರಲ್ಲಿ ಕಂಡಿದ್ದೇನೆ. ಅದು ಜೀವದ ಪ್ರಶ್ನೆ. ಸಿಸ್ಟಮ್ ಮೊನೊ (ಎಡ-ಬಲ ಬೇರೆಯಿಲ್ಲದ ಒಂದೇ ಸಂಕೇತ) ಆಗಿದ್ದರೆ ಕೀಬೋರ್ಡಿನ ಎಡ/ಮೊನೊ ಕಿಂಡಿಯನ್ನಷ್ಟೇ ಬಳಸಿ. ಎಡ, ಬಲ ಎರಡನ್ನೂ ಕೂಡಿಸಿದರೆ ಕೆಲವು ಪಿಯಾನೊ ಸ್ವರಗಳು ಒಂದನ್ನೊಂದು ಅಳಿಸಿಕೊಂಡು ತೆಳುವಾಗುತ್ತವೆ.

ಕಿವಿಯೊಳಗಿನ ಮಾನಿಟರ್ (ವಾದಕ ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನ್) ಉತ್ತಮ ಸಾಧನ, ಆದರೆ ಆಪರೇಟರ್ ನಿಮಗೆ ಪ್ರತ್ಯೇಕ ಆಕ್ಸ್ ಮಿಶ್ರಣ (ನಿಮಗಾಗಿಯೇ ಬೆರೆಸಿದ ಸದ್ದು) ಕೊಡಬಲ್ಲನಾದರೆ ಮಾತ್ರ. ಕಿವಿಯ ಸುರಕ್ಷತೆಗಾಗಿ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆಯ ಮಿತಿ, ಮುಂದಿನ ಪ್ರತಿ 3 ಡೆಸಿಬೆಲಿಗೆ ಅದರರ್ಧ. ಅಂದರೆ 94ಕ್ಕೆ ಒಂದೇ ಗಂಟೆ. ಹೊರಗಿನ ಗದ್ದಲವನ್ನು ತಡೆಯುವ ಈ ಸಾಧನದಲ್ಲಿ ತಗ್ಗಿನ ವಾಲ್ಯೂಮೇ ಸಾಕಾಗುತ್ತದೆ. ಆ ಲಾಭವನ್ನು ಮರೆತು ಏರಿಸುತ್ತ ಹೋದರೆ ಹಾಕಿಕೊಂಡೂ ಪ್ರಯೋಜನವಿಲ್ಲ.

ಈಗ ಇಲ್ಲಿರುವ ಸ್ಪೀಕರನ್ನು ಮೊದಲು ನಾಲ್ಕು ಮೀಟರ್ ದೂರದಲ್ಲಿಟ್ಟು, ಅನಂತರ ಒಂದು ಮೀಟರಿಗೆ ತಂದು ಒಂದೇ ಆಲಾಪವನ್ನು ನುಡಿಸುತ್ತೇನೆ. ವಾಲ್ಯೂಮ್ ಗುಂಡಿಯನ್ನು ಮುಟ್ಟುವುದಿಲ್ಲ.