ಸ್ಕ್ರಿಪ್ಟ್‌ನಲ್ಲಿ ಕೆಡುವ ಅಕ್ಷರ: ಮೊದಲು ಬೈಟ್ ನೋಡಿ

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ಒಂದು ಅಕ್ಷರ ಹಿಡಿದುಕೊಂಡು ಮಾತಾಡುತ್ತೇನೆ. ಫ್ರೆಂಚ್ ವಿಂಡೋಸ್‌ನಲ್ಲಿ ಸಿಸ್ಟಂ ಖಾತೆಯ, ಅಂದರೆ ವಿಂಡೋಸ್ ತನ್ನ ಸ್ವಂತ ಕೆಲಸಕ್ಕೆ ಬಳಸುವ ಖಾತೆಯ, ಹೆಸರೂ ಫ್ರೆಂಚ್‌ನಲ್ಲೇ ಇರುತ್ತದೆ. ಅದರಲ್ಲಿ ‘ಟಿ’ ಆದಮೇಲೆ ಬರುವ ‘ಇ’ ತಲೆಯ ಮೇಲೆ ಒಂದು ಓರೆ ಗೆರೆ ಇದೆ. ಬೆಂಗಳೂರಲ್ಲಿ ಕೂತು ಇಂಗ್ಲಿಷ್ ವಿಂಡೋಸ್ ಮೇಲೆ ಟೆಸ್ಟ್ ಮಾಡುವವರಿಗೆ ಆ ಗೆರೆ ಎದುರಾಗುವುದೇ ಇಲ್ಲ. ಪ್ಯಾರಿಸ್‌ನ ಸರ್ವರ್‌ಗೆ ಡಿಪ್ಲಾಯ್ ಮಾಡಿದಾಗ, ಫೋಲ್ಡರ್‌ಗೆ ಪರ್ಮಿಷನ್ ಕೊಡುವ ಸಾಲಿನಲ್ಲಿ ಸ್ಕ್ರಿಪ್ಟ್ ನಿಂತುಬಿಡುತ್ತದೆ. ಅಂಥ ಖಾತೆಯೇ ಇಲ್ಲ ಅನ್ನುತ್ತದೆ. ಎಡಿಟರ್‌ನಲ್ಲಿ ತೆಗೆದು ನೋಡಿದರೆ ಹೆಸರು ಸರಿಯಾಗೇ ಇದೆ!

ಎಡಿಟರ್ ಆ ಫೈಲನ್ನು ಯುಟಿಎಫ್-8ರಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಪದ್ಧತಿಯಲ್ಲಿ, ಉಳಿಸಿದೆ. ಅಲ್ಲಿ ಆ ಅಕ್ಷರಕ್ಕೆ ಎರಡು ಬೈಟ್: ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, ಸಿ3, ಎ8. ವಿಂಡೋಸ್ ಸರ್ವರ್ 2016, 2019, 2022 ಇವುಗಳ ಜೊತೆ ಬರುವುದು ನಮ್ಮ ಸ್ಕ್ರಿಪ್ಟನ್ನು ಓಡಿಸುವ ಪವರ್‌ಶೆಲ್ 5.1. ಫೈಲ್‌ನ ಶುರುವಿನಲ್ಲಿ ಇದು ಯಾವ ಪದ್ಧತಿಯ ಫೈಲ್ ಅಂತ ಹೇಳುವ ಬಿಒಎಂ ಎಂಬ ಗುರುತು ಇಲ್ಲದಿದ್ದರೆ ಅದು ಫೈಲನ್ನು ಹಳೆಯ ವಿಂಡೋಸ್-1252 ಪಟ್ಟಿಯ ಪ್ರಕಾರ ಓದುತ್ತದೆ. ಆ ಪಟ್ಟಿಯಲ್ಲಿ ಒಂದು ಬೈಟ್ ಅಂದರೆ ಒಂದು ಅಕ್ಷರ. ಹಾಗಾಗಿ ಒಂದಿದ್ದದ್ದು ಎರಡಾಗುತ್ತದೆ: ತಲೆ ಮೇಲೆ ಅಲೆ ಇರುವ ‘ಎ’, ಪಕ್ಕದಲ್ಲಿ ಎರಡು ಚುಕ್ಕೆ.

ಇದು ನಮಗೆ ಹೊಸದೇನಲ್ಲ, ಅಲ್ವಾ? ಕನ್ನಡದ ‘ಕ’ಕ್ಕೆ ಯುಟಿಎಫ್-8ರಲ್ಲಿ ಇ0, ಬಿ2, 95 ಎಂದು ಮೂರು ಬೈಟ್. 1252ರಲ್ಲಿ ಓದಿದರೆ ಗೆರೆ ಇರುವ ‘ಎ’, ಒಂದು ಪುಟ್ಟ ‘2’, ಒಂದು ದಪ್ಪ ಚುಕ್ಕೆ. ಕೆಟ್ಟ ಸಬ್‌ಟೈಟಲ್‌ಗಳಲ್ಲಿ ಇದೇ ಕಸವನ್ನು ನೋಡಿರುತ್ತೀರಿ.

ಕೆಟ್ಟ ಅಕ್ಷರವನ್ನು ಕಸ ಅಂತ ತಳ್ಳಬೇಡಿ. ಎಲ್ಲಿ ಕೆಟ್ಟಿತು ಅಂತ ಅದೇ ಹೇಳುತ್ತದೆ. ಒಂದು ಅಕ್ಷರ ಎರಡಾಗಿದ್ದರೆ, ಯುಟಿಎಫ್-8 ಫೈಲನ್ನು ಯಾರೋ 1252 ಅಂತ ಓದಿದ್ದಾರೆ. ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಂಡರೆ ಸಾಮಾನ್ಯವಾಗಿ ಅದರ ತಿರುಗುಮುರುಗು. ಆ ‘ಇ’ ಇರುವ ಜಾಗದಲ್ಲಿ ಟಿಕ್ ಹೊತ್ತ ‘ಎಸ್’ ಬಂದಿದ್ದರೆ, ಕನ್ಸೋಲ್‌ನ, ಅಂದರೆ ಕಮಾಂಡ್ ಕಿಟಕಿಯ, ಹಳೆಯ 850 ಕೋಡ್‌ಪೇಜ್ ಎಂಬ ಇನ್ನೊಂದು ಅಕ್ಷರ ಪಟ್ಟಿ ನಡುವೆ ತೂರಿದೆ. ಮೊದಲಿನದನ್ನೂ ಕೊನೆಯದನ್ನೂ ವಾಪಸ್ ತರಬಹುದು, ಬೈಟ್‌ಗಳು ಹಾಗೇ ಇರುತ್ತವೆ. ಬರೀ ಪ್ರಶ್ನೆ ಚಿಹ್ನೆ ಮಾತ್ರ ಉಳಿದಿದ್ದರೆ ಅಕ್ಷರ ಹೋಯಿತು ಅಂತಲೇ ಲೆಕ್ಕ. ಪವರ್‌ಶೆಲ್ 5.1ರಿಂದ ಹೊರಗಿನ ಪ್ರೋಗ್ರಾಂಗೆ ಪೈಪ್ ಮಾಡಿದಾಗ, ಅಂದರೆ ಔಟ್‌ಪುಟ್ ದಾಟಿಸಿದಾಗ, ಹೀಗಾಗುವುದು ಜಾಸ್ತಿ. ಅಲ್ಲಿ ಡೀಫಾಲ್ಟ್ ಆಸ್ಕಿ, ಗೆರೆ ಚುಕ್ಕೆ ಇಲ್ಲದ ಬರೀ ಇಂಗ್ಲಿಷ್ ಅಕ್ಷರಗಳ ಪಟ್ಟಿ.

ಹಾಗಾಗಿ ಮೊದಲು ಫೈಲನ್ನು ಹೆಕ್ಸ್‌ನಲ್ಲಿ ತೆಗೆಯಿರಿ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್-ಹೆಕ್ಸ್ ಇದೆ, ಲಿನಕ್ಸ್‌ನಲ್ಲಿ ಹೆಕ್ಸ್‌ಡಂಪ್ ಇದೆ. ಸಿ3 ಎ8 ಇದೆಯಾ, ಇ8 ಒಂದೇ ಇದೆಯಾ ನೋಡಿ. ಮೊದಲನೆಯದು ಯುಟಿಎಫ್-8, ಎರಡನೆಯದು 1252. ಸುಮ್ನೆ ಸ್ಕ್ರಿಪ್ಟ್‌ನ ತಲೆಗೆ, ಕನ್ಸೋಲನ್ನು ಯುಟಿಎಫ್-8ಕ್ಕೆ ತಿರುಗಿಸುವ ಕಮಾಂಡ್ ಸಿಎಚ್‌ಸಿಪಿ 65001 ಅಂತ ಹಾಕುವ ಅಭ್ಯಾಸ ಬಹಳ ಜನಕ್ಕಿದೆ. ಅದು ಬದಲಾಯಿಸುವುದು ಕನ್ಸೋಲನ್ನು. ಪವರ್‌ಶೆಲ್ ಫೈಲ್ ಓದುವ ರೀತಿ ಅದರಿಂದ ಬದಲಾಗುವುದಿಲ್ಲ.

ಪರಿಹಾರ ಸುಲಭ. ಪವರ್‌ಶೆಲ್ 5.1ರ ಸ್ಕ್ರಿಪ್ಟನ್ನು ಬಿಒಎಂ ಸಮೇತ ಉಳಿಸಿ. ಲಿನಕ್ಸ್‌ನ ಶೆಲ್ ಸ್ಕ್ರಿಪ್ಟ್‌ಗೆ ಮಾತ್ರ ಅದನ್ನು ಹಾಕಬೇಡಿ, ಯಾವ ಪ್ರೋಗ್ರಾಂ ಓಡಿಸಬೇಕು ಅಂತ ಹೇಳುವ ಮೊದಲ ಸಾಲು, ಅಂದರೆ ಶಿಬ್ಯಾಂಗ್, ಕೆಲಸ ಮಾಡುವುದಿಲ್ಲ. ಇದಕ್ಕಿಂತ ನನಗೆ ಇಷ್ಟವಾದ ದಾರಿ ಇನ್ನೊಂದಿದೆ: ಹೆಸರೇ ಬರೆಯಬೇಡಿ. ಸಿಸ್ಟಂ ಖಾತೆಯ ಎಸ್‌ಐಡಿ, ಅಂದರೆ ಗುರುತಿನ ಸಂಖ್ಯೆ, ಯಾವ ಭಾಷೆಯ ವಿಂಡೋಸ್‌ನಲ್ಲೂ ಎಸ್-1-5-18. ಪರ್ಮಿಷನ್ ಕೊಡುವ ಐಕ್ಯಾಕಲ್ಸ್ ಕಮಾಂಡ್‌ಗೆ ಅದರ ಮುಂದೆ ಒಂದು ನಕ್ಷತ್ರ ಹಾಕಿ ಕೊಟ್ಟರೆ ಸಾಕು. ಅಲ್ಲಿಗೆ ಗೆರೆಯ ಸಮಸ್ಯೆಯೇ ಇರುವುದಿಲ್ಲ.

ಆದರೆ ಜನರ ಹೆಸರು, ಫೋಲ್ಡರ್ ಹೆಸರುಗಳನ್ನು ಹೀಗೆ ತಪ್ಪಿಸಲಾಗುವುದಿಲ್ಲ. ಅವುಗಳನ್ನು ಟೆಸ್ಟ್ ಮಾಡಲೇಬೇಕು. ಅದಕ್ಕೆ ಫ್ರೆಂಚ್ ಹೆಸರೊಂದೇ ಸಾಲದು. ಗೆರೆ ಇರುವ ‘ಇ’ಗೆ 1252ರಲ್ಲೂ ಜಾಗವಿದೆ, ಹಾಗಾಗಿ ತಪ್ಪು ದಾರಿಯಲ್ಲಿ ಹೋದರೂ ಕೆಲವು ಸಲ ಸರಿಯಾಗೇ ಹೊರಬರುತ್ತದೆ. ಕನ್ನಡಕ್ಕೆ ಅಲ್ಲಿ ಜಾಗವೇ ಇಲ್ಲ. ಒಂದು ಟೆಸ್ಟ್ ಫೋಲ್ಡರ್‌ಗೆ ‘ಕಡತ’ ಅಂತ ಹೆಸರಿಡಿ. ನಡುವೆ ಯಾವ ಹಂತವಾದರೂ ಅಕ್ಷರಗಳನ್ನು 1252ಕ್ಕೆ ಇಳಿಸುತ್ತಿದ್ದರೆ, ಮೊದಲ ರನ್‌ನಲ್ಲೇ ಪ್ರಶ್ನೆ ಚಿಹ್ನೆಗಳು ಕಾಣುತ್ತವೆ.