ಅರ್ಧಕ್ಕೆ ನಿಂತ ಗಿಟಾರು

ಕೇಳುಗರಿಗೆಲ್ಲ ನಮಸ್ಕಾರ. ಅರ್ಧ ಆಗಿರೋ ಗಿಟಾರ್ ತಾನೇ, ಇನ್ನರ್ಧ ಮುಗಿಸಿಕೊಟ್ರೆ ಆಯ್ತು, ದುಡ್ಡೂ ಅರ್ಧ ಅಂತ ಯಾರಾದ್ರೂ ಲೆಕ್ಕ ಹಾಕ್ತಿದ್ರೆ ಆ ಲೆಕ್ಕ ಬಿಟ್ಬಿಡಿ. ಒಬ್ರು ಶುರು ಮಾಡಿದ್ದನ್ನ ಇನ್ನೊಬ್ರು ಮುಗಿಸ್ಬೇಕು ಅಂದ್ರೆ ಮೊದಲ್ನೋರು ಏನೇನ್ ಮಾಡಿದಾರೆ, ಯಾಕ್ ಹಂಗ್ ಮಾಡಿದಾರೆ ಅಂತ ಒಂದೊಂದನ್ನೂ ಅಳೆದು ನೋಡಿ ಆಮೇಲೆ ಕೈ ಹಾಕ್ಬೇಕು, ಹೊಸದಾದ್ರೆ ಆ ತಲೆನೋವೇ ಇರಲ್ಲ.

ನಮ್ಮ ಸೋದರಮಾವ ಇರೋದು ಮಂಡ್ಯದಲ್ಲಿ. ವಯಸ್ಸಲ್ಲಿ ಮೈಸೂರಲ್ಲಿ ಬೀಟೆ ಮರದ ಇನ್‌ಲೇ ಕೆಲ್ಸ ಮಾಡ್ತಿದ್ದೋರು, ಅದೇ, ಆನೆ, ಅಂಬಾರಿ, ಹಳ್ಳಿ ದೃಶ್ಯ ಎಲ್ಲಾ ಬೇರೆ ಬೇರೆ ಬಣ್ಣದ ಮರದ ಚೂರಲ್ಲಿ ಕೂರಿಸ್ತಾರಲ್ಲ, ಅದು. ಕೆಲ್ಸ ಬಿಟ್ಮೇಲೆ ಸುಮ್ನೆ ಕೂರಕ್ಕಾಗ್ದೆ ಒಂದು ಅಕೌಸ್ಟಿಕ್ ಗಿಟಾರ್ ಶುರು ಮಾಡಿದ್ರು. ಹಿಂದೆ, ಪಕ್ಕದಲ್ಲಿ ಬೀಟೆ, ಮುಂದಿನ ಹಲಗೆ ಸ್ಪ್ರೂಸು ಅನ್ನೋ ಮರ, ನೆಕ್ಕಿಗೆ, ಅಂದ್ರೆ ಕೈ ಹಿಡಿಯೋ ಉದ್ದ ಕತ್ತಿಗೆ, ಮಹಾಗನಿ. ಬೀಟೆ ಆರಿಸಿದ್ದಕ್ಕೆ ಯಾರೂ ಕೊಂಕು ತೆಗೆಯೋ ಹಾಗಿಲ್ಲ ಬಿಡಿ, ಅಮೆರಿಕದ ಮಾರ್ಟಿನ್ ಕಂಪನಿನೇ 1969ರಲ್ಲಿ ಬ್ರೆಜಿಲ್ ಬೀಟೆ ಬಿಟ್ಟು ಇಂಡಿಯಾ ಬೀಟೆಗೆ ಬಂತು. ಮಾವ ಬಾಡಿ ಅಂಟಿಸಿದ್ರು, ನೆಕ್ ಕೆತ್ತಿದ್ರು, ಫ್ರೆಟ್, ಅಂದ್ರೆ ನೆಕ್ ಮೇಲಿನ ಲೋಹದ ಮೆಟ್ಲು, ಕೂರಿಸೋ ಸೀಳುಗಳನ್ನೂ ಕೊಯ್ದಿದ್ರು, ಅಷ್ಟ್ರಲ್ಲಿ ಕಣ್ಣು ಮಂಜಾಯ್ತು, ಗಿಟಾರ್ ಅಟ್ಟ ಸೇರ್ತು.

ಮೈಸೂರಲ್ಲಿ ಕೈಯಲ್ಲೇ ಗಿಟಾರ್ ಮಾಡೋ ಲೂಥಿಯರ್ ಒಬ್ರು ಗೊತ್ತಿದ್ರು, ಅವ್ರ ಹತ್ರ ತಗೊಂಡ್ ಹೋದ್ವಿ. ಮಾವನೂ ಬಂದ್ರು, ಬರ್ಬೇಡಿ ಅಂದ್ರೆ ಕೇಳ್ಬೇಕಲ್ಲ. ಲೂಥಿಯರ್ ನೆಕ್ ಮುಟ್ಲೇ ಇಲ್ಲ, ಮೊದ್ಲು ಮುಂದಿನ ಹಲಗೆ ಮೇಲೆ ಬೆರಳಲ್ಲಿ ತಟ್ಟಿ ಕಿವಿ ಕೊಟ್ರು, ಆಮೇಲೆ ತೂತಿನೊಳಗೆ ಒಂದು ಸಣ್ಣ ಕನ್ನಡಿ, ಒಂದು ಬಲ್ಬು ಇಳಿಸಿ ನೋಡಿದ್ರು, ಕೊನೆಗೆ ಒಳಗೊಂದು ಅಯಸ್ಕಾಂತದ ಚೂರು ಬಿಟ್ಟು ಹೊರಗಿಂದ ಗೇಜ್ ಇಟ್ಟು ಹಲಗೆ ದಪ್ಪ ಅಳೆದ್ರು. ನಾಲ್ಕು ಮಿಲಿಮೀಟರ್! ಸ್ಪ್ರೂಸ್ ಸಾಮಾನ್ಯವಾಗಿ ಮೂರರ ಒಳಗೇ ಇರುತ್ತೆ. ಹಲಗೆ ಬಲಕ್ಕೆ ಅಂತ ಒಳಗೆ ಅಂಟಿಸಿರೋ ಮರದ ಪಟ್ಟಿಗಳೂ ಹಂಗೇ ದಪ್ಪ.

‘ಯಜಮಾನ್ರೇ, ಇದರ ಮೇಲೆ ಇಬ್ರು ಕೂತ್ರೂ ಮುರಿಯಲ್ಲ’ ಅಂದ್ರು. ಮಾವ ಅದನ್ನ ಹೊಗಳಿಕೆ ಅಂತ್ಲೇ ತಗೊಂಡ್ರು.

ಇಲ್ಲೇ ಇರೋದು ಫಜೀತಿ. ಆರು ಸ್ಟೀಲ್ ತಂತಿ ಶ್ರುತಿಗೆ ಬಿಗಿದ್ರೆ ಹೆಚ್ಚುಕಮ್ಮಿ 70 ಕೆ.ಜಿ. ಎಳೆತ ಬೀಳುತ್ತೆ, ಅದನ್ನ ತಡ್ಕೊಳ್ಳೋಷ್ಟು ಗಟ್ಟಿ ಇರ್ಬೇಕು, ಆದ್ರೆ ತಂತಿ ಮೀಟಿದ್ರೆ ಅದುರೋಷ್ಟು ತೆಳ್ಳಗೂ ಇರ್ಬೇಕು, ಫರ್ನಿಚರ್ ಕೆಲ್ಸದೋರ ಕೈಗೆ ಈ ಎರಡನೇದು ಒಗ್ಗಲ್ಲ. ಹಂಗಂತ ಹಲಗೆ ಪೂರ್ತಿ ಉಜ್ಜಿಬಿಡೋಕೂ ಆಗ್ಲಿಲ್ಲ, ಯಾಕಂದ್ರೆ ಮಾವ ತೂತಿನ ಸುತ್ತ ಬಳ್ಳಿ, ಎಲೆ ಅಂತ ಇನ್‌ಲೇ ಮಾಡಿದ್ರು, ಅದರ ಆಳ ಒಂದೂವರೆ ಮಿಲಿಮೀಟರ್ ಇದ್ರೆ ಹೆಚ್ಚು, ಉಜ್ಜಿದ್ರೆ ಬಳ್ಳಿನೇ ಹೋಗುತ್ತೆ. ಅದಕ್ಕೆ ಅವ್ರು ಬಳ್ಳಿ ಹತ್ರ ಹೋಗ್ದೆ ಕೆಳಗಿನ ಅಗಲದ ಭಾಗ ಮಾತ್ರ, ಅದ್ರಲ್ಲೂ ಅಂಚಿನ ಕಡೆ ಜಾಸ್ತಿ ತೆಳ್ಳಗೆ ಮಾಡಿದ್ರು, ಪಟ್ಟಿಗಳನ್ನ ತೂತಿನೊಳಗೆ ಕೈ ತೂರ್ಸಿ ಬೆರಳುದ್ದದ ಉಳಿಯಲ್ಲಿ ಹೆರೆದ್ರು, ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗ್ಬೇಕು. ನಡುನಡುವೆ ತಟ್ಟೋದು, ಕೇಳೋದು. ಮೊದ್ಲು ಟಕ್ ಟಕ್ ಅಂತಿದ್ದದ್ದು ಆಮೇಲೆ ಗುಂಯ್ ಅನ್ನಕ್ಕೆ ಶುರುವಾಯ್ತು, ನನಗೇ ಕೇಳಿಸ್ತು ಅಂದ್ರೆ ನೋಡಿ.

ನೆಕ್ ಅಂಟಿಸಿರ್ಲಿಲ್ಲ, ಅದೊಂದು ಪುಣ್ಯ. ಫ್ರೆಟ್‌ಗಳ ಮೇಲೆ ಉದ್ದ ಸ್ಟೀಲ್ ಪಟ್ಟಿ ಇಟ್ರೆ ಅದರ ತುದಿ, ಹಲಗೆ ಮೇಲೆ ತಂತಿ ಕಟ್ಟೋ ಬ್ರಿಡ್ಜಿನ ಮೇಲ್ಭಾಗ ಸವರೋ ಹಂಗೆ ನೆಕ್ ಕೋನ ಸಿಗ್ಬೇಕು, ಕೂದಲೆಳೆಯಷ್ಟು ಆಚೀಚೆ ಆದ್ರೂ ಆ ಕಡೆ ತಂತಿ ಎತ್ತರ ಕೆಟ್ಟಿರುತ್ತೆ.

ಬ್ರಿಡ್ಜ್ ಜಾಗಕ್ಕೆ ಒಂದು ಜಗಳಾನೇ ಆಯ್ತು. ನೆಕ್ ತುದೀಲಿ ತಂತಿ ಕೂರೋ ಪಟ್ಟಿ, ಅಂದ್ರೆ ನಟ್‌ನಿಂದ ಹನ್ನೆರಡನೇ ಫ್ರೆಟ್ಟಿಗೆ 12.7 ಇಂಚು, ಅದರ ಎರಡರಷ್ಟು ಅಂದ್ರೆ 25.4ಕ್ಕೆ ಮಾವ ಪೆನ್ಸಿಲ್ ಗೆರೆ ಎಳೆದಿದ್ರು. ಲೂಥಿಯರ್ ಅದನ್ನ ಅಳಿಸಿ ಎರಡು ಮೂರು ಮಿಲಿಮೀಟರ್ ಹಿಂದಕ್ಕೆ, ಅದೂ ದಪ್ಪ ತಂತಿ ಕಡೆ ಜಾಸ್ತಿ ಓರೆಯಾಗಿ ಹಾಕಿದ್ರು. ‘ಅಲ್ಲ ಕಣಪ್ಪಾ, ಲೆಕ್ಕ ಅಂದ್ರೆ ಲೆಕ್ಕ ಅಲ್ವಾ?’ ಅಂತ ಮಾವ. ಲೆಕ್ಕ ಸರೀನೇ, ಆದ್ರೆ ಬೆರಳಲ್ಲಿ ಒತ್ತಿದಾಗ ತಂತಿ ಚೂರು ಎಳೆದಂಗಾಗಿ ಸ್ವರ ಮೇಲಕ್ಕೆ ಹೋಗುತ್ತಲ್ಲ, ಅದನ್ನ ಸರಿದೂಗಿಸಕ್ಕೆ ಈ ಹಿಂದೆ ಸರಿಸೋದು. ನಮ್ಮ ವೀಣೆಲಾದ್ರೆ 24 ಮೆಟ್ಲೂ ಮೇಣದ ಮೇಲೆ ಕೂತಿರುತ್ತೆ, ಬೇಕಾದ್ರೆ ಮೇಣ ಬಿಸಿ ಮಾಡಿ ಸರಿಸ್ಬಹುದು, ಗಿಟಾರಲ್ಲಿ ಸೀಳು ಕೊಯ್ದ್ಮೇಲೆ ಮುಗೀತು. ಪುಣ್ಯಕ್ಕೆ ಮಾವ ಕೊಯ್ದ ಸೀಳುಗಳು ಒಂದೂ ತಪ್ಪಿರ್ಲಿಲ್ಲ.

ಪಾಲಿಶಿಗೆ ಬಂದಾಗ ಮತ್ತೆ ಶುರು. ಮಾವಂಗೆ ಮೆಲಮೈನ್ ಬೇಕು, ಡೈನಿಂಗ್ ಟೇಬಲ್ ಹಂಗೆ ಪಳಪಳ. ಇವ್ರು ಅರಗಿನ ಫ್ರೆಂಚ್ ಪಾಲಿಶ್ ಅಂದ್ರು, ಅರಗನ್ನ ಸ್ಪಿರಿಟ್ಟಲ್ಲಿ ಕರಗಿಸಿ ಬಟ್ಟೆ ಉಂಡೆಯಲ್ಲಿ ತೆಳುತೆಳುವಾಗಿ ಉಜ್ಜೋದು, ದಪ್ಪ ಪೊರೆ ಕೂತ್ರೆ ಅಷ್ಟೊತ್ತು ಹೆರೆದಿದ್ದೆಲ್ಲ ವೇಸ್ಟು. 1937ರಲ್ಲೇ ಅರಗಿನ ಕಾರ್ಖಾನೆ ಶುರುವಾದ ಊರಲ್ಲಿ ಕೂತ್ಕೊಂಡು ಅರಗು ಬೇಡ ಅಂದ್ರೆ ಹೆಂಗೆ ಅಂತ ನಾನೂ ಒಂದು ಮಾತು ಸೇರಿಸ್ದೆ, ಮಾವ ಗೊಣಗ್ಕೊಂಡೇ ಒಪ್ಪಿದ್ರು. ಆದ್ರೆ ಅರಗಿಗೆ ಬೆವರು, ಬಿಸಿ, ಸ್ಪಿರಿಟ್ಟು ಆಗಲ್ಲ, ನುಡಿಸಿದ್ಮೇಲೆ ಒರೆಸಿ ಇಡ್ಬೇಕು, ಅದನ್ನೂ ಹೇಳ್ಬಿಡ್ತೀನಿ.

ನಿಮ್ಮನೇಲೂ ಇಂಥದ್ದೊಂದಿದ್ರೆ ಕೊಡೋವಾಗ್ಲೇ ಮಾತಾಡ್ಕೊಳ್ಳಿ, ಏನನ್ನ ಬಿಚ್ಚಬಹುದು, ಏನನ್ನ ಮುಟ್ಟಬಾರ್ದು ಅಂತ. ನಮ್ಮದ್ರಲ್ಲಿ ಮುಟ್ಟಬಾರದ್ದು ಆ ಬಳ್ಳಿ ಒಂದೇ, ಮಿಕ್ಕಿದ್ದೆಲ್ಲ ಅವ್ರಿಗೆ ಬಿಟ್ಟಿದ್ದು. ಚೌಕಾಸಿ ಮಾಡೋದಾದ್ರೆ ಹೋಗ್ಲೇಬೇಡಿ, ಬೇರೆಯವ್ರ ಕೆಲ್ಸ ತಿದ್ದೋದಕ್ಕೆ ಕೂಲಿ ಜಾಸ್ತಿನೇ, ಅದು ನ್ಯಾಯಾನೂ ಹೌದು.

ತಂತಿ ಸದ್ಯಕ್ಕೆ ಲೈಟ್ ಗೇಜೇ, ಅಂದ್ರೆ ತೆಳ್ಳಗಿರೋದೇ ಹಾಕಿದಾರೆ. ಹೊಸ ಹಲಗೆ ತಂತಿ ಎಳೆತಕ್ಕೆ ಇನ್ನೂ ಸ್ವಲ್ಪ ಉಬ್ಬುತ್ತೆ, ಮಳೆಗಾಲದ ತೇವಕ್ಕೂ ಉಬ್ಬುತ್ತೆ, ಅದು ಕಳೆದ್ಮೇಲೆ ಒಂದ್ಸಲ ತನ್ನಿ, ಬ್ರಿಡ್ಜ್ ಮೇಲೆ ತಂತಿ ಕೂರೋ ಸ್ಯಾಡಲ್ ಪಟ್ಟಿ ಉಜ್ಜಿ ಎತ್ತರ ಸರಿ ಮಾಡ್ಕೊಡ್ತೀನಿ ಅಂದಿದಾರೆ. ಮಾವ ಮೆಲಮೈನ್ ವಿಷ್ಯ ಆಗ ಮತ್ತೆ ಕೇಳ್ತಾರಂತೆ. ನಮಸ್ಕಾರ.